ನೂರ ಎಂಬತ್ತೇಳನೇ ಮತ

ನಗರಸಭೆಯ ಮೊದಲ ಮಹಡಿಯಲ್ಲಿ, ಮೆಟ್ಟಿಲು ಹತ್ತಿದ ಕೂಡಲೇ ಎಡಗಡೆಗೆ, ನಮ್ಮ ವಾರ್ಡಿನ ಚುನಾವಣೆಗಳ ಫಲಕ ತೂಗುಹಾಕಿದ್ದಾರೆ. ಒಂಬತ್ತು ಚುನಾವಣೆ, ಒಂಬತ್ತು ಸಾಲು. ಗೆದ್ದವರ ಹೆಸರು, ಪಡೆದ ಮತ, ಅಂತರ, ತಿರಸ್ಕೃತ ಮತ. ಮೊದಲ ನಾಲ್ಕು ಸಾಲಿನಲ್ಲಿ ಬೇಕರಿಯ ಅಪ್ಪ, ಉಳಿದ ಐದರಲ್ಲಿ ಬೇಕರಿಯ ಮಗ. ಬಂದವರು 'ಒಂದೇ ಮನೆಯವರು ನೋಡ್ರಿ' ಎಂದು ತಲೆದೂಗಿ ಮುಂದೆ ಹೋಗುತ್ತಾರೆ. ಕೊನೆಯ ಕಾಲಮ್ಮನ್ನು ಯಾರೂ ಓದುವುದಿಲ್ಲ. ಎರಡನೇ ಚುನಾವಣೆಯಿಂದ ಎಂಟನೆಯದರವರೆಗೆ ಅಲ್ಲಿ ಒಂದು, ಒಂದು, ಒಂದು ಎಂದು ಏಳು ಸಲ ಬರೆದಿದೆ. ಮೊದಲನೆಯದಕ್ಕೂ ಒಂಬತ್ತನೆಯದಕ್ಕೂ ಸೊನ್ನೆ.

ನಗರಸಭೆಯವರು ಸ್ಮರಣ ಸಂಚಿಕೆಗೆಂದು ನಮ್ಮ ವಾರ್ಡಿನ ಚುನಾವಣಾ ಇತಿಹಾಸವನ್ನು ಒಂದು ಪುಟದಲ್ಲಿ ಬರೆದುಕೊಡಿ ಎಂದು ನನ್ನನ್ನು ಕೇಳಿದರು. ಒಂದು ಪುಟದಲ್ಲಿ ಬೇಕರಿಯವರನ್ನು ಹೊಗಳಬಹುದು, ಅಷ್ಟೆ. ನನಗೆ ಆ ಕೆಲಸ ಬರುವುದಿಲ್ಲ. ನಾನು ಹೊಲಿಗೆ ಕಲಿಸುವವಳು, ನಾಲಿಗೆ ಕತ್ತರಿಗಿಂತ ಚುರುಕು ಎಂದು ಬೀದಿಯವರೆಲ್ಲ ಬೈದುಕೊಳ್ಳುತ್ತಾರೆ, ಬೈದುಕೊಳ್ಳಲಿ. ನಾನು ಬರೆಯುವುದಾದರೆ ಆ ಏಳು ಒಂದುಗಳ ಕತೆಯನ್ನು ಬರೆಯುತ್ತೇನೆ. ಅದು ನನ್ನ ದೊಡ್ಡಮ್ಮನ ಕತೆ.

ನಮ್ಮಮ್ಮ ತೀರಿಕೊಂಡಾಗ ನನಗೆ ಒಂಬತ್ತು ವರ್ಷ, ತಮ್ಮನಿಗೆ ನಾಲ್ಕು. ಅಮ್ಮನ ಅಕ್ಕನಾದ ದೊಡ್ಡಮ್ಮ ನಮ್ಮಿಬ್ಬರನ್ನೂ ಕೈಹಿಡಿದು ತನ್ನ ಮನೆಗೆ ಕರೆತಂದಳು. ಅವಳು ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ 'ಅಳತೆ ಸರಿಹೋಗಲಿಲ್ಲ' ಎನ್ನುತ್ತಿದ್ದಳು. ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಟೀಚರ್. ನೆಲಮಹಡಿಯ ಕೊನೆಯ ಕೋಣೆ ಅವಳದು: ಹನ್ನೆರಡು ಹೊಲಿಗೆ ಯಂತ್ರ, ಉದ್ದನೆಯ ಕತ್ತರಿಸುವ ಮೇಜು, ಎರಡು ಕಿಟಕಿ. ಚುನಾವಣೆ ಬಂದಾಗ ಯಂತ್ರಗಳನ್ನು ಗೋಡೆಗೆ ಒತ್ತರಿಸಿ ಅದೇ ಕೋಣೆಯನ್ನು ಮತಗಟ್ಟೆ ಮಾಡುತ್ತಿದ್ದರು. ಬೀಗದ ಕೈ ಅವಳ ಹತ್ತಿರವೇ ಇದ್ದುದರಿಂದ ಮತಪತ್ರ ಹರಿದು ಕೊಡುವ ಕೆಲಸವೂ ಅವಳಿಗೇ ಅಂಟಿಕೊಂಡಿತು. ಇಪ್ಪತ್ತಮೂರನೇ ವಯಸ್ಸಿಗೆ ಕೂತವಳು ಐವತ್ತೆಂಟಕ್ಕೆ ಎದ್ದಳು.

ಅವಳಿಗೆ ತನ್ನದೇ ಒಂದು ಎಣಿಕೆಯಿತ್ತು. ಒಂದು ಮತಪತ್ರ ಹರಿದು ಕೊಟ್ಟಾಗಲೆಲ್ಲ ಡಬ್ಬದಿಂದ ಒಂದು ಗುಂಡಿ ತೆಗೆದು ದಾರಕ್ಕೆ ಪೋಣಿಸುವಳು. ಸರಕಾರಿ ಲೆಕ್ಕಕ್ಕೆ ಪುಸ್ತಕದಲ್ಲಿ ಉಳಿಯುವ ತುಂಡು ಚೀಟಿ ಇತ್ತು, ಪಟ್ಟಿಯಲ್ಲಿ ಹೆಸರಿನ ಮೇಲೆ ಗುರುತು ಇತ್ತು. ಅವೆರಡನ್ನೂ ಅವಳು ನಂಬುತ್ತಿರಲಿಲ್ಲ. "ಕಣ್ಣು ಮೋಸ ಮಾಡುತ್ತೆ, ಬೆರಳು ಮಾಡಲ್ಲ" ಎನ್ನುವಳು. ಬಂದವರಿಗೆಲ್ಲ ಮತಪತ್ರವನ್ನು ಹೇಗೆ ಒತ್ತಬೇಕು, ಹೇಗೆ ಎರಡು ಮಡಿಕೆ ಮಾಡಬೇಕು ಎಂದು ರವಿಕೆ ಪಾಠದಂತೆ ತೋರಿಸಿಕೊಡುತ್ತಿದ್ದಳು. ಹಾಗಾಗಿ ನಮ್ಮ ವಾರ್ಡಿನಲ್ಲಿ ಮತ ಕೆಡಿಸಿದವರೇ ಇಲ್ಲ. ಮತ್ತೆ ಆ ಏಳು ಒಂದುಗಳು ಎಲ್ಲಿಂದ ಬಂದವು ಎಂದರೆ, ಮೊದಲ ಚುನಾವಣೆಯಿಂದ ಶುರು ಮಾಡಬೇಕು. ಅವಳು ಕೆಲಸ ಕಳೆದುಕೊಂಡ ಮೇಲೆ, ಅಡುಗೆಮನೆಯ ಕಟ್ಟೆಯ ಮೇಲೆ ಕೂತು, ನನಗೆ ಹೇಳಿದ ಹಾಗೆಯೇ ಹೇಳುತ್ತೇನೆ.

ಆಗ ನಮ್ಮ ವಾರ್ಡು ಹೊಸದು. ನೀರಿನ ಟ್ಯಾಂಕಿನಿಂದ ಐಸ್ ಕಾರ್ಖಾನೆಯ ತನಕ ಮೂರು ಬೀದಿ, ಮೇಲಿನ ಬೀದಿಯನ್ನೂ ಕೆಳಗಿನದನ್ನೂ ಸೇರಿಸುವ ತೊಂಬತ್ತು ಕಲ್ಲಿನ ಮೆಟ್ಟಿಲು. ನಿಂತವರು ಇಬ್ಬರೇ. ಏಣಿ ಗುರುತಿನ ಬೇಕರಿ ಸಾಹುಕಾರರು, ಬೀಗದ ಕೈ ಗುರುತಿನ ನರ್ಸಮ್ಮ. ಗೆದ್ದರೆ ಆ ಮೆಟ್ಟಿಲಿಗೆ ಹಿಡಿಕಂಬಿ ಹಾಕಿಸುತ್ತೇನೆ ಎಂದು ನರ್ಸಮ್ಮ ಹೇಳಿದ್ದರು. ಬೇಕರಿಯವರು ಏನೂ ಹೇಳಿರಲಿಲ್ಲ, ಬರೀ ಕೈ ಮುಗಿದಿದ್ದರು.

ಸಂಜೆ ನಾಲ್ಕೂವರೆಗೆ ಇಸ್ತ್ರಿ ಅಜ್ಜಿ ಬಂದಳು. ದೊಡ್ಡಮ್ಮನ ಮನೆಯ ಪಕ್ಕದಲ್ಲೇ ಅವಳ ಇಸ್ತ್ರಿ ಅಂಗಡಿ. ಹಿಂದಿಲ್ಲ ಮುಂದಿಲ್ಲ, ಒಂಟಿ ಜೀವ. ಅರವತ್ತೊಂದು ವರ್ಷಕ್ಕೆ ದಿನಕ್ಕೆ ನಾಲ್ಕು ಸಲ ಬಟ್ಟೆಗಂಟು ಹೊತ್ತು ಆ ಮೆಟ್ಟಿಲು ಹತ್ತಿಳಿಯುತ್ತಿದ್ದಳು. ಪಟ್ಟಿಯಲ್ಲಿ ಅವಳ ಸಂಖ್ಯೆ ನೂರ ಎಂಬತ್ತೇಳು. ದೊಡ್ಡಮ್ಮನದು ನೂರ ಎಂಬತ್ತೆಂಟು.

"ಏನಜ್ಜಿ, ಇಷ್ಟೊತ್ತಿಗೆ ಬಂದ್ರಿ?"

"ಹೆಡ್‌ಮೇಷ್ಟ್ರ ಕೋಟು ಮುಗಿಸ್ದೇ ಬರೋಕಾಗುತ್ತಾ? ಕೊಡಮ್ಮ ಕಾಗದ. ನನಗೆ ಪಾಠ ಹೇಳ್ಬೇಡ, ಮಡಿಕೆ ಹಾಕೋದು ನಿನಗಿಂತ ಚೆನ್ನಾಗಿ ಗೊತ್ತು." ಆಮೇಲೆ ಬಗ್ಗಿ, ಎಲ್ಲರಿಗೂ ಕೇಳುವಷ್ಟು ಜೋರಾಗಿ ಪಿಸುಗುಟ್ಟಿದಳು: "ಬೀಗದ ಕೈಗೇ ಹಾಕ್ತೀನಿ. ನನ್ನ ಮಂಡಿ ಕೇಳೇ ನಾನು ತೀರ್ಮಾನ ಮಾಡಿರೋದು."

ಸಾಲಿನಲ್ಲಿದ್ದವರೆಲ್ಲ ನಕ್ಕರು. ದೊಡ್ಡಮ್ಮ ಗುಂಡಿ ಪೋಣಿಸಿದಳು. ಅಜ್ಜಿ ಪರದೆಯ ಹಿಂದೆ ಹೋದಳು. ಆ ಪರದೆ ದೊಡ್ಡಮ್ಮನೇ ಸಮವಸ್ತ್ರದ ಉಳಿಕೆ ಬಟ್ಟೆಯಿಂದ ಹೊಲಿದದ್ದು, ನೀಲಿ ಚೌಕಳಿಯದು, ನೆಲಕ್ಕೆ ಒಂದು ಗೇಣು ಕಡಿಮೆ. ಅದರ ಕೆಳಗೆ ಅಜ್ಜಿಯ ಒಡೆದ ಹಿಮ್ಮಡಿಗಳು ಸ್ವಲ್ಪ ಹೊತ್ತು ಕಾಣಿಸಿದವು. ಆಮೇಲೆ ಧೊಪ್ಪೆಂದು ಸದ್ದಾಯಿತು. ನಾಲ್ಕು ಜನ ಎತ್ತಿಕೊಂಡು ಹೋಗಿ ಹೊರಗಿನ ಬೆಂಚಿನ ಮೇಲೆ ಮಲಗಿಸಿದರು. ನರ್ಸಮ್ಮನೇ ಓಡಿಬಂದು ನಾಡಿ ನೋಡಿ ತಲೆಯಾಡಿಸಿದರು. ಪ್ರಾಣ ಹೋಗಿತ್ತು.

ಅಜ್ಜಿಯ ಕೈಯಲ್ಲಿ ಮತಪತ್ರವಿರಲಿಲ್ಲ. ಪರದೆಯ ಹಿಂದೆ, ಯಂತ್ರಗಳ ಕೆಳಗೆ, ಅಜ್ಜಿಯ ಸೆರಗಿನ ಗಂಟಿನಲ್ಲಿ, ಎಲ್ಲ ಕಡೆ ಹುಡುಕಿದರು. ಪೆಟ್ಟಿಗೆಗೆ ಹಾಕಿರಲಿಲ್ಲ ಎನ್ನುವುದು ಮಾತ್ರ ಖಾತ್ರಿ. ಪೆಟ್ಟಿಗೆ ಇದ್ದದ್ದು ದೊಡ್ಡಮ್ಮನ ಮೊಣಕೈ ಪಕ್ಕ.

ಮತ ಹಾಕಿದ ಕೋಣೆಯಲ್ಲೇ ಅಂದೇ ಸಂಜೆ ಎಣಿಸುವುದು ನಗರಸಭೆಯ ಪದ್ಧತಿ. ಈಗಲೂ ಹಾಗೆಯೇ. ಕೊಟ್ಟದ್ದು ನಾನೂರ ಏಳು, ಪೆಟ್ಟಿಗೆಯಲ್ಲಿ ನಾನೂರ ಆರು ಬಂದರೆ ಮೇಲಿನವರು ಪ್ರಾಣ ತಿನ್ನುತ್ತಾರೆ ಎಂದು ಮತಗಟ್ಟೆಯ ಅಧಿಕಾರಿಯಾಗಿ ಕೂತಿದ್ದ ಹೆಡ್‌ಮೇಷ್ಟ್ರು ಹೆದರಿದರು. ಇಬ್ಬರು ಅಭ್ಯರ್ಥಿಗಳ ಏಜೆಂಟರೆಲ್ಲ ಇನ್ನೂ ಬೆಂಚಿನ ಹತ್ತಿರ ನಿಂತಿದ್ದರು.

"ಪುಸ್ತಕದ ಕೊನೆಯಿಂದ ಒಂದು ಹರಿಯಮ್ಮ, ತುಂಡು ಚೀಟಿ ಸಮೇತ. ಒತ್ತಿ ಹಾಕಿಬಿಡು. ಬೇಗ."

"ಯಾವುದಕ್ಕೆ ಸಾರ್?"

"ಯಾವುದಾದರೇನು, ಮೇಲಿರೋದಕ್ಕೆ ಹಾಕು."

ಮೇಲಿದ್ದದ್ದು ಏಣಿ. ದೊಡ್ಡಮ್ಮ ಒತ್ತಿ, ಮಡಿಸಿ, ಹಾಕಿದಳು. ಎಣಿಕೆಯಾದಾಗ ಏಣಿಗೆ ಇನ್ನೂರ ನಾಲ್ಕು, ಬೀಗದ ಕೈಗೆ ಇನ್ನೂರ ಮೂರು. ನಮ್ಮ ವಾರ್ಡಿನ ಮೊದಲ ಗೆಲುವು ಅದು. ಅಂತರ ಒಂದು. ನರ್ಸಮ್ಮ ಮತ್ತೆಂದೂ ನಿಲ್ಲಲಿಲ್ಲ. ಮೆಟ್ಟಿಲಿಗೆ ಹಿಡಿಕಂಬಿ ಇವತ್ತಿನವರೆಗೂ ಬಂದಿಲ್ಲ.

ಪಟ್ಟಿಯಿಂದ ಸತ್ತವರ ಹೆಸರು ತೆಗೆಯಬೇಕಾದರೆ ಇಬ್ಬರು ಸಂಬಂಧಿಕರು ಅರ್ಜಿಗೆ ಸಹಿ ಹಾಕಬೇಕು. ಇಸ್ತ್ರಿ ಅಜ್ಜಿಗೆ ಒಬ್ಬರೂ ಇರಲಿಲ್ಲ. ಅವಳ ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಪಟ್ಟಿ ಓದಿದ ಏಜೆಂಟರಿಗೂ ಹೊಳೆಯಲಿಲ್ಲ. ನೂರ ಎಂಬತ್ತೇಳು ಹಾಗೆಯೇ ಉಳಿಯಿತು. ಪ್ರತಿ ಹೊಸ ಪಟ್ಟಿಯಲ್ಲೂ ಅವಳ ವಯಸ್ಸು ಐದೈದು ವರ್ಷ ಏರುತ್ತ ಹೋಯಿತು.

ಎರಡನೇ ಚುನಾವಣೆಯಲ್ಲಿ ಪೆಟ್ಟಿಗೆ ತೆರೆದರೆ ಒಂದು ಮತಪತ್ರ ಹೆಚ್ಚು. ಮೂರು ಸಲ ಎಣಿಸಿದರೂ ಹೆಚ್ಚು. ಉಳಿದವೆಲ್ಲ ಎರಡು ಮಡಿಕೆಯವು, ಅದೊಂದು ಮಾತ್ರ ಕರವಸ್ತ್ರದ ಹಾಗೆ ನಾಲ್ಕು ಮಡಿಕೆ. ಮಡಿಕೆಯ ಅಂಚು ಬೆರಳು ಕೊಯ್ಯುವಷ್ಟು ಗರಿ. ದೊಡ್ಡಮ್ಮ ಕೈಗೆತ್ತಿಕೊಂಡಾಗ ಆಗ ತಾನೇ ಇಸ್ತ್ರಿ ಪೆಟ್ಟಿಗೆಯಿಂದ ಇಳಿಸಿದಷ್ಟು ಬಿಸಿ ಇತ್ತು. ಬಿಡಿಸಿದರೆ ಒಳಗೆ ಖಾಲಿ, ಯಾವ ಗುರುತಿಗೂ ಒತ್ತಿರಲಿಲ್ಲ. ಹೆಡ್‌ಮೇಷ್ಟ್ರು ಅವಳ ಮುಖ ನೋಡಿದರು, ಅವಳು ಅವರ ಮುಖ ನೋಡಿದಳು. ಏಜೆಂಟರು ಬೇಕರಿಯವರಿಗೆ ಹಾರ ತರಲು ಎದ್ದಾಗ ಅವಳು ಪುಸ್ತಕದಿಂದ ಒಂದು ಮತಪತ್ರ ಹರಿದು ಗುಂಡಿ ಡಬ್ಬದ ತಳಕ್ಕೆ ಹಾಕಿದಳು, ನೂರ ಎಂಬತ್ತೇಳರ ಮೇಲೆ ಗುರುತು ಮಾಡಿದಳು. ಲೆಕ್ಕ ಕೂಡಿತು. ತಿರಸ್ಕೃತ, ಒಂದು.

ಮೂರನೆಯದರ ಹೊತ್ತಿಗೆ ಹೆಡ್‌ಮೇಷ್ಟ್ರು ನಿವೃತ್ತರಾಗಿದ್ದರು. ಗುಟ್ಟು ಒಬ್ಬಳ ತಲೆಗೆ ಬಂತು. ಅಲ್ಲಿಂದ ಮುಂದೆ ಅವಳು ಪೆಟ್ಟಿಗೆ ತೆರೆಯುವ ಮೊದಲೇ ಹರಿದಿಡುವುದನ್ನು, ಮೊದಲೇ ಗುರುತು ಮಾಡುವುದನ್ನು ರೂಢಿ ಮಾಡಿಕೊಂಡಳು. ಮನೆಗೆ ತಪ್ಪದೆ ಬರುವ ನೆಂಟರಿಗೆ ಒಂದು ತಟ್ಟೆ ಜಾಸ್ತಿ ಇಡುವ ಹಾಗೆ. "ಹೆದರಿಕೆ ಆಗ್ತಿರಲಿಲ್ವಾ ದೊಡ್ಡಮ್ಮ?" ಎಂದು ಕೇಳಿದೆ. "ಹೆದರಿಕೆ ಆಗ್ತಿತ್ತು ಕಣೇ. ಆದರೆ ಅದಕ್ಕಿಂತ ನಾಚಿಕೆ ಜಾಸ್ತಿ" ಎಂದಳು.

ಐದನೇ ಚುನಾವಣೆಯಲ್ಲಿ ಅಂಚೆಯವನು ಮತಪತ್ರ ಹಿಡಿದು ಪರದೆಯ ಮುಂದೆ ಸುಮ್ಮನೆ ನಿಂತುಬಿಟ್ಟನಂತೆ. ಗಡಿಯಾರದಲ್ಲಿ ನಾಲ್ಕೂವರೆ.

"ಯಾಕಪ್ಪ, ಒಳಗೆ ಹೋಗು."

"ಯಾರೋ ಇದ್ದಾರೆ ಟೀಚರ್. ಕಾಲು ಕಾಣ್ತಿದೆ."

ದೊಡ್ಡಮ್ಮ ಆ ಕಡೆ ತಿರುಗಲಿಲ್ಲ. "ವಯಸ್ಸಾದವರು. ಎರಡು ನಿಮಿಷ ನಿಲ್ಲು" ಎಂದಳು. ಎರಡು ನಿಮಿಷ ಬಿಟ್ಟು ಒಳಗೆ ಹೋಗಿಬಂದ ಅಂಚೆಯವನು ಕತ್ತು ಒರೆಸಿಕೊಳ್ಳುತ್ತ, "ಅಬ್ಬಾ, ಒಳಗೆ ಏನು ಸೆಕೆ" ಎಂದ. ಅವನಿಗಿಂತ ಮುಂಚೆ ಯಾರೂ ಹೊರಗೆ ಬಂದಿರಲಿಲ್ಲ ಎನ್ನುವುದು ಅವನಿಗೆ ಹೊಳೆಯಲೇ ಇಲ್ಲ. ಅವನ ಕೆಲಸವೇ ಹಾಗೆ, ಬಾಗಿಲ ಮುಂದೆ ನಿಲ್ಲುವುದು, ಒಳಗಿದ್ದವರ ಬಗ್ಗೆ ಕೇಳದೇ ಇರುವುದು.

ಇನ್ನು ಎಂಟನೆಯದು. ಇದನ್ನು ಯಾರೂ ನನಗೆ ಹೇಳಬೇಕಿಲ್ಲ. ನಾನೇ ಅಲ್ಲಿದ್ದೆ.

ಅಷ್ಟು ಹೊತ್ತಿಗೆ ನಾನೂ ಅದೇ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದೆ. ದೊಡ್ಡಮ್ಮನಿಗೆ ನಿವೃತ್ತಿಗೆ ಮೂರು ತಿಂಗಳಿತ್ತು. ತಮ್ಮ ಮೋಟಾರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಮದುವೆಯಿಲ್ಲ ಮಕ್ಕಳಿಲ್ಲ, ಇಡೀ ವಾರ್ಡಿನ ಪಂಪುಗಳೇ ಅವನ ಸಂಸಾರ. ಕೆಳಬೀದಿಯ ಹೆಂಗಸೊಬ್ಬಳು ಆ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡ ದಿನ ಅವನಿಗೆ ತಲೆ ಕೆಟ್ಟಿತು. "ಒಂದು ಕಂಬಿ ಹಾಕೋಕೆ ಈ ಬೇಕರಿಯವರಿಗೆ ಎಷ್ಟು ತಲೆಮಾರು ಬೇಕು?" ಎಂದು ಚುನಾವಣೆಗೆ ನಿಂತೇಬಿಟ್ಟ. ಆರು ತಿಂಗಳು ಅಂಗಡಿಯ ಬಾಗಿಲು ಅರ್ಧ ಮುಚ್ಚಿ, ಮನೆಮನೆಯ ಹೊಸ್ತಿಲು ತುಳಿದ. ಚೀಟಿ ಎತ್ತಿ ಗುರುತು ಹಂಚಿದಾಗ ಅವನಿಗೆ ಬಂದದ್ದು ಬೀಗದ ಕೈ, ಮೊದಲ ಚುನಾವಣೆಯ ನಂತರ ಯಾರಿಗೂ ಬಾರದಿದ್ದ ಗುರುತು. ಅದನ್ನು ಕೇಳಿ ದೊಡ್ಡಮ್ಮ ಕೈಯಲ್ಲಿದ್ದ ಸೂಜಿ ಕೆಳಗೆ ಬೀಳಿಸಿದಳು.

ಸ್ವಂತ ಮಗನಂಥವನು ನಿಂತಿರುವಾಗ ಅವಳು ಮತಗಟ್ಟೆಯಲ್ಲಿ ಕೂರಬಹುದೇ ಎಂಬ ಮಾತು ಬಂತು. ಬೇಕರಿ ಮಗನೇ, "ಟೀಚರ್ ನಮ್ಮಪ್ಪನ ಕಾಲದಿಂದ ಎಣಿಸಿದವರು. ಅವರು ಬೇಡ ಅಂದ್ರೆ ನನ್ನ ಬಾಯಿಗೆ ಹುಳ ಬೀಳುತ್ತೆ" ಎಂದು ದೊಡ್ಡ ಮನುಷ್ಯನಾದ. ಹಾಗೆ ಅವಳು ಮತಪತ್ರಕ್ಕೆ, ನಾನು ಪಕ್ಕದಲ್ಲಿ ಬೆರಳಿಗೆ ಶಾಯಿ ಹಚ್ಚಲಿಕ್ಕೆ ಕೂತೆವು.

ನಾಲ್ಕೂವರೆಗೆ ದೊಡ್ಡಮ್ಮ ಕೈಯೆತ್ತಿ ಸಾಲನ್ನು ನಿಲ್ಲಿಸಿದಳು.

"ಯಾಕೆ ದೊಡ್ಡಮ್ಮ?"

"ಎರಡು ನಿಮಿಷ ಇರು. ಬಾಯಿ ಮುಚ್ಕೊಂಡಿರು."

ನಾನು ಬಾಯಿ ಮುಚ್ಚಿಕೊಳ್ಳುವ ಜಾತಿಯಲ್ಲ, ಆದರೆ ಅವತ್ತು ಮುಚ್ಚಿಕೊಂಡೆ. ನೀಲಿ ಪರದೆಯ ಕೆಳಗೆ ಎರಡು ಹಿಮ್ಮಡಿ ನೋಡಿದೆ. ಬಿರುಕು ಬಿಟ್ಟವು, ಬಿರುಕಿನೊಳಗೆ ಇದ್ದಿಲ ಪುಡಿ ಕೂತು ಕಪ್ಪಾದವು. ಯಾರೋ ಒಳಗಿದ್ದಾರೆ, ದೊಡ್ಡಮ್ಮ ಯಾಕೆ ಇಷ್ಟು ಬಿಗಿಯಾಗಿದ್ದಾಳೆ ಎಂದುಕೊಂಡೆ. ಠಸ್ಸೆಂದು ಮುದ್ರೆ ಒತ್ತಿದ ಸದ್ದು ಕೇಳಿತು. ಆ ಸದ್ದಿಗೆ ದೊಡ್ಡಮ್ಮ ಕೂತಲ್ಲೇ ಬೆಚ್ಚಿಬಿದ್ದಳು. ಅಷ್ಟು ವರ್ಷದಲ್ಲಿ ನಾಲ್ಕೂವರೆಯ ಆ ಎರಡು ನಿಮಿಷದಲ್ಲಿ ಮುದ್ರೆಯ ಸದ್ದು ಅವಳಿಗೆ ಒಮ್ಮೆಯೂ ಕೇಳಿಸಿರಲಿಲ್ಲವಂತೆ. ನಾನು ಎದ್ದು ಹೋಗಿ ಪರದೆ ಸರಿಸಿದೆ. ಒಳಗೆ ಮೇಜು, ಮುದ್ರೆ, ಶಾಯಿ ಪಟ್ಟಿ. ಮುಖಕ್ಕೆ ಕೆಂಡದ ಕಾವು ಬಡಿಯಿತು. ಜನ ಯಾರೂ ಇರಲಿಲ್ಲ. ಹಿಂದೆ ಬಂದು ಕೂತು ಶಾಯಿ ಹಚ್ಚಿದೆ, ಮೂರು ಜನರ ಉಗುರಿನ ಬದಲು ಅಂಗೈಗೆ ಹಚ್ಚಿದೆ.

ಐದಕ್ಕೆ ಬಾಗಿಲು ಹಾಕಿದರು. ಚುನಾವಣಾಧಿಕಾರಿಯಾಗಿ ಬಂದಿದ್ದವನು ಚಿಕ್ಕ ವಯಸ್ಸಿನ ಕನ್ನಡಕದವನು, ನಿಯಮಾವಳಿಯ ಪುಸ್ತಕವನ್ನು ಮಡಿಲ ಮಗುವಿನಂತೆ ಹಿಡಿದುಕೊಂಡೇ ಓಡಾಡುತ್ತಿದ್ದ. ಪುಸ್ತಕದ ತುಂಡು ಚೀಟಿ ಆರುನೂರ ಹದಿಮೂರು. ಪೆಟ್ಟಿಗೆಯಲ್ಲಿ ಆರುನೂರ ಹದಿಮೂರು. ಎಲ್ಲ ಸರಿಯಾಗಿದೆ ಎಂದು ಅವನು ಸಂತೋಷಪಟ್ಟ. ದೊಡ್ಡಮ್ಮನ ಗುಂಡಿ ಆರುನೂರ ಹನ್ನೆರಡು ಎಂದು ಅವನಿಗೆ ಹೇಗೆ ಗೊತ್ತಾಗಬೇಕು?

ಏಣಿಗೊಂದು ಗುಡ್ಡೆ, ಬೀಗದ ಕೈಗೊಂದು ಗುಡ್ಡೆ. ತಮ್ಮ ಗೋಡೆಗೊರಗಿ ನಿಂತಿದ್ದ. ಕೊನೆಗೆ ಉಳಿದದ್ದು ಒಂದು. ನಾಲ್ಕು ಮಡಿಕೆಯದು. ಅಧಿಕಾರಿ ಎತ್ತಿಕೊಂಡವನು, "ಏನಿದು, ಬಿಸಿ ಇದೆ" ಎಂದು ದೀಪದತ್ತ ನೋಡಿದ. ದೀಪದ ಶಾಖ ಅಂದುಕೊಂಡನೋ ಏನೋ. ಬಿಡಿಸಿದ. ಅಚ್ಚುಕಟ್ಟಾಗಿ, ನಡುಮಧ್ಯಕ್ಕೆ, ಬೀಗದ ಕೈಯ ಮೇಲೆ ಮುದ್ರೆ ಬಿದ್ದಿತ್ತು. ಬೀಗದ ಕೈ ಮುನ್ನೂರ ಏಳು, ಏಣಿ ಮುನ್ನೂರ ಆರು.

ತಮ್ಮ ನನ್ನನ್ನು ತಬ್ಬಿಕೊಂಡ. ನಾನು ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ. ಬೇಕರಿ ಮಗ ಕುರ್ಚಿಯಲ್ಲಿ ಕುಸಿದು ಕೂತ. ಅಧಿಕಾರಿ ಫಲಿತಾಂಶದ ಹಾಳೆಯನ್ನು ದೊಡ್ಡಮ್ಮನ ಮುಂದೆ ತಳ್ಳಿದ. "ಟೀಚರ್, ಇಲ್ಲೊಂದು ಸಹಿ."

ದೊಡ್ಡಮ್ಮ ಪೆನ್ನು ತೆಗೆದುಕೊಂಡಳು. ತಮ್ಮನ ಕಡೆ ನೋಡಿದಳು. ಅವನ ಅಂಗಿಯ ಎರಡನೇ ಗುಂಡಿಯನ್ನು ಅವಳು ಅಂದು ಬೆಳಗ್ಗೆಯೇ ಹೊಲಿದುಕೊಟ್ಟಿದ್ದಳು, 'ಗೆದ್ದೋನು ಗುಂಡಿ ಕಿತ್ತ ಅಂಗೀಲಿ ನಿಲ್ಲಬಾರದು' ಎಂದು. ಪೆನ್ನು ಕೆಳಗಿಟ್ಟಳು.

"ಆ ಕೊನೇದು ಸೇರಿಸಬೇಡಿ ಸಾರ್. ಅದು ಇಲ್ಲಿಗೆ ಬಂದೋರು ಹಾಕಿದ್ದಲ್ಲ."

ಆಮೇಲೆ ಗುಂಡಿ ಡಬ್ಬವನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಗುಂಡಿಗಳು ಉರುಳಿದವು, ಅವುಗಳ ಜೊತೆಗೆ ಏಳು ಚುನಾವಣೆಯ ಏಳು ಖಾಲಿ ಮತಪತ್ರಗಳು ಬಿದ್ದವು, ಹಳೆಯವು ಹಳದಿಯಾಗಿದ್ದವು. ಒಂದೊಂದನ್ನೇ ತೋರಿಸುತ್ತ, ಅಜ್ಜಿ ಬಿದ್ದದ್ದು, ಹೆಡ್‌ಮೇಷ್ಟ್ರು ಹೇಳಿದ್ದು, ತಾನು ಏಣಿಗೆ ಒತ್ತಿದ್ದು, ಎಲ್ಲವನ್ನೂ ಪಾಠ ಒಪ್ಪಿಸುವ ಹುಡುಗಿಯ ಹಾಗೆ ನಿಂತುಕೊಂಡು ಹೇಳಿದಳು. "ನಾನು ಅವಳ ಮತ ಕಿತ್ಕೊಂಡೆ. ಅವಳು ಬೀಗದ ಕೈಗೆ ಹಾಕ್ತೀನಿ ಅಂದಿದ್ದಳು, ನಾನು ಏಣಿಗೆ ಹಾಕಿದೆ. ಇದನ್ನ ಬರ್ಕೊಳ್ಳಿ."

ಮೊದಲು ಬಾಯಿ ಬಿಟ್ಟವನು ತಮ್ಮ.

"ಮತ್ತೆ ಇದು ಬೀಗದ ಕೈಗೇ ಬಿದ್ದಿದೆಯಲ್ಲ ದೊಡ್ಡಮ್ಮ. ಅವಳೇ ಹಾಕಿದಾಳೆ. ಅವಳೇ ನನಗೆ ಕೊಟ್ಟಿದಾಳೆ."

"ಅವಳು ಹಾಕಿದ್ದು ನರ್ಸಮ್ಮನಿಗೆ ಕಣಪ್ಪ. ನಿನಗಲ್ಲ. ಅವತ್ತು ಬೇರೆಯವರಿಗೋಸ್ಕರ ಕದ್ದೆ, ಇವತ್ತು ನಮ್ಮೋನಿಗೋಸ್ಕರ ಸುಮ್ಮನಿದ್ದರೆ ಅವಳು ಮತ್ತೆ ಬರ್ತಾಳೆ. ನಾನು ಸತ್ತ ಮೇಲೂ ಬರ್ತಾಳೆ, ಆಗ ಇಲ್ಲಿ ಕೂತಿರೋದು ನಿಮ್ಮಕ್ಕ."

ತಮ್ಮ ಅವಳನ್ನೇ ನೋಡಿದ. "ನಾನು ನಿನಗೆ ಏನೂ ಅಲ್ವಾ ಹಾಗಾದ್ರೆ?" ಎಂದ. ಅವಳು ಮೇಜಿನ ಮೇಲೆ ಉರುಳಿದ ಗುಂಡಿಗಳನ್ನು ಒಂದೊಂದಾಗಿ ಸೆರಗಿಗೆ ಹೆಕ್ಕತೊಡಗಿದಳು.

ಅಧಿಕಾರಿ ನಿಯಮಾವಳಿಯನ್ನು ಹಿಂದೆ ಮುಂದೆ ತಿರುವಿದ. ದೆವ್ವದ ಮತಕ್ಕೆ ಅದರಲ್ಲಿ ಅಧ್ಯಾಯವಿರಲಿಲ್ಲ, ಆದರೆ ಸತ್ತವರ ಮತ ಸಲ್ಲುವುದಿಲ್ಲ ಎಂದು ಸ್ಪಷ್ಟವಾಗಿತ್ತು. ತಿರಸ್ಕೃತ, ಒಂದು. ಎರಡೂ ಕಡೆ ಮುನ್ನೂರ ಆರು. ಎರಡು ಚೀಟಿ ಬರೆದು ಖಾಲಿ ಗುಂಡಿ ಡಬ್ಬಕ್ಕೆ ಹಾಕಿ ಪೊಲೀಸಿನವನಿಂದ ಎತ್ತಿಸಿದರು. ಏಣಿ ಬಂತು. ತಮ್ಮ ಯಾರ ಮುಖವನ್ನೂ ನೋಡದೆ ಹೊರಟುಹೋದ. ಅಧಿಕಾರಿ ವರದಿ ಬರೆದ: ಸಂಖ್ಯೆ ನೂರ ಎಂಬತ್ತೇಳರ ಮತದಾರಳು ಮೊದಲ ಚುನಾವಣೆಯ ದಿನ ಮತ ಹಾಕುವ ಮುನ್ನ ಮೃತಳಾಗಿದ್ದಾಳೆ, ಬೀಗದ ಕೈ ಗುರುತಿಗೆ ಹಾಕಬೇಕೆಂಬುದು ಅವಳ ಇಚ್ಛೆಯಾಗಿತ್ತು. ಸಂಬಂಧಿಕರಿಲ್ಲದಿದ್ದರೂ ತನ್ನ ಅಧಿಕಾರದ ಮೇಲೆ ಹೆಸರಿಗೆ ಕೆಂಪು ಗೆರೆ ಎಳೆದ. ದೊಡ್ಡಮ್ಮ ಬಗ್ಗಿ ಆ ಗೆರೆ ನೋಡಿದಳು. ಪರದೆಯ ಕಡೆ ತಿರುಗಿ, "ಇನ್ನು ಹೋಗಜ್ಜಿ" ಎಂದಳು. ಗಾಳಿಯಿಲ್ಲದ ಕೋಣೆಯಲ್ಲಿ ಪರದೆ ಒಮ್ಮೆ ಅಲುಗಿ ಸುಮ್ಮನಾಯಿತು. ಬೇಕರಿ ಮಗ ಅಂದಿನಿಂದ ಆ ಕೋಣೆಗೆ ಕಾಲಿಟ್ಟಿಲ್ಲ, ಮತ ಹಾಕಲೂ ಬರುವುದಿಲ್ಲ.

ದೊಡ್ಡಮ್ಮನ ಕೆಲಸ ಹೋಯಿತು. ನಿವೃತ್ತಿಯ ಬೀಳ್ಕೊಡುಗೆಯಿಲ್ಲ, ಹೂಹಾರವಿಲ್ಲ. ಅದಕ್ಕೆ ಅವಳು ಅಳಲಿಲ್ಲ. ತಮ್ಮ ತನ್ನ ಬಟ್ಟೆಬರೆ ಕಟ್ಟಿಕೊಂಡು ಅಂಗಡಿಯ ಹಿಂದಿನ ಕೋಣೆಗೆ ಹೋಗಿಬಿಟ್ಟ, ಅದಕ್ಕೆ ಅತ್ತಳು. ದಿನಾ ಸಂಜೆ ಕಿಟಕಿಯಲ್ಲಿ ನಿಂತು ಬೀದಿ ನೋಡುವಳು. ಅವನು ಆ ಕಡೆಯ ಅಂಚಿನಲ್ಲಿ ಹಾದುಹೋಗುವನು, ತಲೆಯೆತ್ತುತ್ತಿರಲಿಲ್ಲ. "ಗುಂಡಿ ಕಿತ್ತುಹೋಗಿದೆ ನೋಡೇ ಅವನದು, ಎರಡನೇದು. ಹೇಳಬಾರದಾ ಅವನಿಗೆ, ಅಂಗಿ ಕೊಟ್ಟು ಹೋಗಲಿ" ಎನ್ನುವಳು. ನಾನು ಹೇಳಿದೆ. "ಗುಂಡಿ ಇಲ್ದಿದ್ರೆ ಗಾಳಿ ಚೆನ್ನಾಗಿ ಆಡುತ್ತೆ ಅಂತ ಹೇಳು" ಎಂದು ಮುಖ ತಿರುಗಿಸಿದ. ಅವನಿಗೆ ಎರಡು ಬಾರಿಸಬೇಕೆನ್ನಿಸಿತು.

ಹೊಸ ಪಟ್ಟಿ ಬಂದಾಗ ಸಂಖ್ಯೆಗಳೆಲ್ಲ ಒಂದೊಂದು ಮೇಲೆ ಸರಿದಿದ್ದವು. ನೂರ ಎಂಬತ್ತೇಳು ಈಗ ದೊಡ್ಡಮ್ಮ. ಅವಳು ಆ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಿದ್ದಳು.

"ನಾನು ಹೋದ ಮೇಲೆ ನೀವಿಬ್ಬರೂ ಹೋಗಿ ಸಹಿ ಹಾಕಿ ತೆಗೆಸಬೇಕು. ತಡ ಮಾಡಬೇಡ. ಪಟ್ಟಿಯಲ್ಲಿ ಬಿಡಬೇಡ ನನ್ನ."

"ಅವನು ಸಹಿ ಹಾಕದಿದ್ರೆ?"

"ಹಾಕಿಸು. ನಾನಿದ್ದಾಗಲೇ ಬರದೋನು ನಾನು ಹೋದ ಮೇಲೆ ಬರ್ತಾನಾ ಅಂತ ನನಗೂ ಭಯ."

ಒಂಬತ್ತನೇ ಚುನಾವಣೆಗೆ ಎಂಟು ತಿಂಗಳಿರುವಾಗ ಅವಳು ಹೋದಳು, ಮಧ್ಯಾಹ್ನ, ಕೈಯಲ್ಲಿ ಸೂಜಿಯಿದ್ದಂತೆಯೇ. ತಮ್ಮ ಬಂದ, ಬಾಗಿಲ ಹೊರಗೆ ನಿಂತ, ಚಟ್ಟಕ್ಕೆ ಹೆಗಲು ಕೊಟ್ಟು ಹೋದ. ನಾನು ಅರ್ಜಿ ತೆಗೆದುಕೊಂಡು ಅವನ ಅಂಗಡಿಗೆ ಹೋದೆ. ಮೇಲಿನ ಸಹಿ ನನ್ನದು, ಕೆಳಗಿನ ಜಾಗ ಖಾಲಿ.

"ಸಂಬಂಧಿಕರು ಅಂತ ತಾನೇ ಬರೆದಿರೋದು? ಅವತ್ತು ಆ ಕೋಣೇಲಿ ಎಲ್ಲರ ಮುಂದೆ ನಾನು ಏನೂ ಅಲ್ಲ ಅಂದೋಳು ಅವಳು. ನಾನು ಹಾಕಲ್ಲ ಅಕ್ಕ."

"ಅವಳು ಹಾಗೆ ಅಂದಿದ್ದು ನೀನು ಯಾವ ಕಿವೀಲಿ ಕೇಳಿದೆಯೋ? ಮೂರ್ಖ."

ಅರ್ಜಿ ನನ್ನ ಚೀಲದಲ್ಲೇ ಉಳಿಯಿತು. ಆರು ವಾರ ಕಳೆಯಿತು. ಪಟ್ಟಿ ಮುಚ್ಚಲು ಮೂರು ದಿನವಿರುವಾಗ ಬೆಳಗ್ಗೆ ಎಂಟಕ್ಕೆ ತಮ್ಮ ನಮ್ಮ ಬಾಗಿಲಲ್ಲಿ ನಿಂತಿದ್ದ. ನಾಲ್ಕು ವರ್ಷದಿಂದ ಆ ಹೊಸ್ತಿಲು ದಾಟದವನು ಸೀದಾ ಒಳಗೆ ಬಂದ.

"ಇದನ್ನ ನೀನು ಹೊಲಿದೆಯಾ?"

ಅದೇ ಅಂಗಿ. ಎರಡನೇ ಗುಂಡಿ ಇತ್ತು. ಉಳಿದವಕ್ಕೆ ಹೊಂದದ, ಡಬ್ಬದ ತಳದಲ್ಲಿರುವಂಥ ಹಳೆಯ ಕಂದು ಗುಂಡಿ. ನಾನು ಮುಂಭಾಗ ನೋಡಲಿಲ್ಲ, ತಿರುಗಿಸಿ ಒಳಭಾಗ ನೋಡಿದೆ. ಅಡ್ಡ ಎರಡು ಎಳೆ, ಉದ್ದ ಎರಡು ಎಳೆ, ಬುಡಕ್ಕೆ ಮೂರು ಸುತ್ತು, ಒಳಗಡೆ ಕಣ್ಣಿಗೆ ಕಾಣದ ಗಂಟು. ಆ ಗಂಟನ್ನು ಹದಿನೈದು ವರ್ಷ ಪ್ರಯತ್ನಪಟ್ಟರೂ ನನಗೆ ಕಲಿಯಲಾಗಲಿಲ್ಲ. ಬಟ್ಟೆ ಅಲ್ಲಿ ಮಾತ್ರ ಬೆಚ್ಚಗಿತ್ತು.

"ನಾನಲ್ಲ ಕಣೋ" ಎಂದೆ.

"ರಾತ್ರಿ ಮೊಳೆಗೆ ತೂಗುಹಾಕಿದ್ದೆ. ಬೀಗ ಹಾಕಿತ್ತು ಅಕ್ಕ, ಒಳಗಿಂದ." ಅವನು ನೆಲದ ಮೇಲೆ ಕೂತ. ಮೂವತ್ತೈದು ವರ್ಷದ ಗಂಡಸು, ಅಂಗಿಯ ಎದೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತ. "ಒಂದು ಸಲ ಒಳಗೆ ಬಂದಿದ್ರೆ ಆಗ್ತಿತ್ತು. ಒಂದೇ ಒಂದು ಸಲ." ನಾನು ಅವನನ್ನು ಸಮಾಧಾನ ಮಾಡಲಿಲ್ಲ. ಅಳಲಿ ಎಂದು ಬಿಟ್ಟೆ, ಆಮೇಲೆ ನನಗೂ ತಡೆಯಲಾಗಲಿಲ್ಲ.

ಹತ್ತಕ್ಕೆ ನಗರಸಭೆಯ ಬಾಗಿಲು ತೆರೆಯುವಾಗ ನಾವಿಬ್ಬರೂ ಅಲ್ಲಿದ್ದೆವು. ಗುಮಾಸ್ತ ಅರ್ಜಿ ನೋಡಿ, "ಇಟ್ಟು ಹೋಗಿ, ಸಂಜೆ ತೆಗೀತೀವಿ" ಎಂದ. "ಈಗಲೇ ತೆಗೀರಿ, ನಾವು ನಿಲ್ತೀವಿ" ಎಂದ ತಮ್ಮ. ಸಂಬಂಧ ಎಂಬ ಖಾನೆಯಲ್ಲಿ ನಾನು 'ತಂಗಿಯ ಮಗಳು' ಎಂದು ಬರೆದಿದ್ದೆ. ಅವನು ಬಗ್ಗಿ, ನಿಧಾನವಾಗಿ, 'ಮಗ' ಎಂದು ಬರೆದು ಸಹಿ ಹಾಕಿದ. ಗುಮಾಸ್ತ ಅಳತೆಪಟ್ಟಿ ಇಟ್ಟು ನೂರ ಎಂಬತ್ತೇಳರ ಮೇಲೆ ಕೆಂಪು ಗೆರೆ ಎಳೆದ.

ಆ ಚುನಾವಣೆಯಲ್ಲಿ ತಮ್ಮ ನಲವತ್ತು ಮತಗಳಿಂದ ಸೋತ. ಮತಪತ್ರ ಹರಿಯಲು ನಾನು ಕೂತಿದ್ದೆ, ಗುಂಡಿ ಪೋಣಿಸಿದೆ. ನಾಲ್ಕೂವರೆಗೆ ಪರದೆಯ ಕೆಳಗೆ ಯಾವ ಕಾಲೂ ಕಾಣಲಿಲ್ಲ, ಗುಂಡಿ ಎಷ್ಟೋ ಮತಪತ್ರವೂ ಅಷ್ಟೇ. ತಿರಸ್ಕೃತ, ಸೊನ್ನೆ.

ಆದರೆ ಅವತ್ತು ಗೆರೆ ಎಳೆದ ದಿನ, ನಗರಸಭೆಯ ಮೆಟ್ಟಿಲಿಳಿಯುವಾಗ, ತಮ್ಮ ನಡುವೆ ನಿಂತುಬಿಟ್ಟ. ಗುಂಡಿಯ ಮೇಲೆ ಕೈ ಮುಚ್ಚಿಕೊಂಡಿದ್ದ.

"ಅಕ್ಕ, ಇದು ಇರುತ್ತಾ? ಇಲ್ಲ, ಈಗ ಬಿದ್ದುಹೋಗುತ್ತಾ?"

ನಾನು ಅವನ ಕೈ ಸರಿಸಿ, ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗಿ ನೋಡಿದೆ. ಬಟ್ಟೆಯ ಬಿಸಿ ಆರಿತ್ತು. ಹೊಲಿಗೆ ಬಿಗಿಯಾಗಿತ್ತು.

"ಇರುತ್ತೆ ಕಣೋ. ಅವಳು ಹೊಲಿದದ್ದು ಯಾವತ್ತು ಬಿದ್ದಿದೆ, ನೀನು ಕಿತ್ಕೊಂಡಿದ್ದು ಬಿಟ್ರೆ" ಎಂದೆ.